ಅಳತೆ ಕೊಟ್ಟು ಅಚ್ಚು ಹಾಕಿಸಿದ ಮಣಿಕಟ್ಟಿನ ಮೂಳೆ

ನಿಮ್ಮ ಹೆಬ್ಬೆರಳನ್ನು ಚೆನ್ನಾಗಿ ಹಿಂದಕ್ಕೆ ಎತ್ತಿ ಹಿಡಿಯಿರಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ಹುರಿಗಳು ಎದ್ದು ಕಾಣುತ್ತವೆ. ಅವೆರಡರ ನಡುವೆ ಒಂದು ಸಣ್ಣ ಕುಳಿ ಬೀಳುತ್ತದೆ. ಹಿಂದೆ ನಶ್ಯ ಸೇದುವವರು ಚಿಟಿಕೆ ನಶ್ಯವನ್ನು ಇಲ್ಲೇ ಇಟ್ಟುಕೊಂಡು ಮೂಗಿಗೆ ಏರಿಸುತ್ತಿದ್ದರಂತೆ. ಅದಕ್ಕೇ ಡಾಕ್ಟರುಗಳು ಇವತ್ತಿಗೂ ಈ ಜಾಗವನ್ನು ನಶ್ಯದ ಡಬ್ಬಿ ಅಂತಲೇ ಕರೆಯುತ್ತಾರೆ. ಇನ್ನೊಂದು ಕೈಯ ಬೆರಳಿನಿಂದ ಆ ಕುಳಿಯ ತಳವನ್ನು ಮೆಲ್ಲಗೆ ಒತ್ತಿ ನೋಡಿ. ಬೆರಳಿಗೆ ಗಟ್ಟಿಯಾಗಿ ತಗಲುವುದು ಸ್ಕ್ಯಾಫಾಯ್ಡ್ ಎಂಬ ಮೂಳೆ. ಈ ಲೇಖನದ ಮುಖ್ಯ ಪಾತ್ರಧಾರಿ ಅದೇ.

ನನ್ನ ತಮ್ಮ ಬೈಕಿನಿಂದ ಬಿದ್ದಾಗ ಅಂಗೈ ಊರಿದ. ಮಣಿಕಟ್ಟು ಸ್ವಲ್ಪ ಊದಿತು. ಎಕ್ಸ್‌ರೇ ತೆಗೆಸಿದೆವು. "ಏನೂ ಮುರಿದಿಲ್ಲ, ಬರೀ ಉಳುಕು" ಅಂದರು. ಒಂದು ವಾರ ಬ್ಯಾಂಡೇಜು ಸುತ್ತಿಕೊಂಡ, ನೋವು ಇಳಿಯಿತು, ಮರೆತುಬಿಟ್ಟ. ಹತ್ತು ತಿಂಗಳಾದ ಮೇಲೆ ನೆಲಕ್ಕೆ ಕೈ ಊರಿ ಏಳುವಾಗಲೆಲ್ಲ ಚುಳ್ ಎನ್ನತೊಡಗಿತು. ಬಾಗಿಲ ಹಿಡಿ ತಿರುಗಿಸುವಾಗಲೂ ನೋವು. ಬೇರೆ ಕಡೆ ತೋರಿಸಿ ಸಿಟಿ ಸ್ಕ್ಯಾನ್ ಮಾಡಿಸಿದಾಗ ವಿಷಯ ಗೊತ್ತಾಯಿತು. ಅವತ್ತು ಬಿದ್ದ ಬಿರುಕು ಕೂಡಿಕೊಂಡೇ ಇರಲಿಲ್ಲ.

ಆಪರೇಷನ್ನಿಗೆ ಮೊದಲು ಸರ್ಜನ್ ನನ್ನ ಅಂಗೈ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ತುಂಡು ಇಟ್ಟರು. "ಇದು ನಿಮ್ಮ ತಮ್ಮನ ಮೂಳೆ. ಹಿಡಿದು ನೋಡಿ" ಅಂದರು. ಸ್ಕ್ಯಾನ್‌ನಿಂದ ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಅಚ್ಚು ಅದು. ಗೋಡಂಬಿಯ ಹಾಗೆ ಬಾಗಿದ, ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಒಂದು ವಸ್ತು. ನಡುವಿನಲ್ಲಿ ಬಿರುಕು. ಉಗುರು ತಾಗಿಸಿದರೆ ಬಿರುಕಿನ ಅಂಚು ತಿಳಿಯುತ್ತಿತ್ತು. ಒಂದು ಕಡೆ ಮೂಳೆ ಸವೆದು, ತುಂಡುಗಳು ಬೆನ್ನು ಬಗ್ಗಿಸಿದ ಹಾಗೆ ಒಳಕ್ಕೆ ವಾಲಿದ್ದವು. ಹತ್ತು ತಿಂಗಳ ನೋವು ಇಷ್ಟು ಸಣ್ಣ ಜಾಗದಲ್ಲಿತ್ತು. ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಮುರಿದ ಮೂಳೆಯ ಅಚ್ಚು ತೆಗೆಯಬಹುದಾದರೆ, ಅದರ ಬದಲಿಗೆ ಹೊಸ ಮೂಳೆಯನ್ನೇ ಅಚ್ಚು ಹಾಕಿ ಕೂರಿಸಬಹುದಲ್ವಾ? ಕೂರಿಸಬಹುದು, ಕೆಲವರಿಗೆ ಕೂರಿಸಿದ್ದಾರೆ ಕೂಡ. ಆದರೆ ಅದು ಯಾಕೆ ಅಷ್ಟು ಸುಲಭ ಇಲ್ಲ ಅನ್ನುವುದು ತಿಳಿಯಬೇಕಾದರೆ ಮಣಿಕಟ್ಟಿನ ಒಳಗೆ ಒಮ್ಮೆ ಇಣುಕಬೇಕು.

ಎಂಟು ಕಲ್ಲುಗಳ ಗೋಡೆ

ಮಣಿಕಟ್ಟು ಅಂದರೆ ಒಂದು ಕೀಲು ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಎಂಟು ಸಣ್ಣ ಮೂಳೆಗಳಿವೆ, ಎರಡು ಸಾಲಿನಲ್ಲಿ. ಮುಂಗೈ ಕಡೆಯ ಸಾಲಿನಲ್ಲಿ ಸ್ಕ್ಯಾಫಾಯ್ಡ್, ಲೂನೇಟ್, ಟ್ರೈಕ್ವಿಟ್ರಮ್, ಪಿಸಿಫಾರ್ಮ್. ಬೆರಳಿನ ಕಡೆಯ ಸಾಲಿನಲ್ಲಿ ಇನ್ನು ನಾಲ್ಕು. ಸ್ಕ್ಯಾಫಾಯ್ಡ್ ಅನ್ನುವ ಹೆಸರು ಗ್ರೀಕ್ ಭಾಷೆಯ ದೋಣಿ ಎಂಬ ಪದದಿಂದ ಬಂದದ್ದು. ಲೂನೇಟ್ ಅಂದರೆ ಚಂದ್ರ. ಪಕ್ಕದಿಂದ ನೋಡಿದರೆ ಬಿದಿಗೆ ಚಂದ್ರನ ಹಾಗೇ ಇರುತ್ತದೆ. ಗಾರೆ ಹಾಕದೆ ಬರೀ ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ ಗೋಡೆ ನೋಡಿದ್ದೀರಲ್ವಾ? ಈ ಎಂಟು ಮೂಳೆಗಳು ಹಾಗೆ ಒಂದಕ್ಕೊಂದು ಹೊಂದಿಕೊಂಡು ಕೂತಿವೆ. ಒಂದು ಕಲ್ಲು ಜಾರಿದರೆ ಉಳಿದವೂ ಜಾಗ ಬಿಡುತ್ತವೆ. ಒಂದೇ ವ್ಯತ್ಯಾಸ, ಈ ಗೋಡೆ ದಿನವಿಡೀ ಅಲುಗಾಡುತ್ತಲೇ ಇರಬೇಕು.

ಇನ್ನೊಂದು ವಿಚಿತ್ರ ಇದೆ. ಮುಂಗೈಯ ಸ್ನಾಯುಗಳಿಂದ ಬರುವ ಹುರಿಗಳು, ಅಂದರೆ ಟೆಂಡನ್‌ಗಳು, ಸ್ಕ್ಯಾಫಾಯ್ಡ್, ಲೂನೇಟ್, ಟ್ರೈಕ್ವಿಟ್ರಮ್ ಈ ಮೂರನ್ನು ನೇರವಾಗಿ ಹಿಡಿದು ಎಳೆಯುವುದೇ ಇಲ್ಲ. ಅವುಗಳನ್ನು ದಾಟಿ ಮುಂದಕ್ಕೆ ಹೋಗುತ್ತವೆ. ಹಾಗಾಗಿ ಈ ಮೂಳೆಗಳು ತಾವಾಗಿ ಅಲ್ಲಾಡುವುದಿಲ್ಲ. ಅಕ್ಕಪಕ್ಕದ ಮೂಳೆಗಳು ತಳ್ಳಿದ ಹಾಗೆ, ಲಿಗಮೆಂಟ್ ಎಂಬ ಕಟ್ಟುನಾರುಗಳು ಹಿಡಿದಷ್ಟು ಮಾತ್ರ ಸರಿಯುತ್ತವೆ.

ಒತ್ತಡ ಬಿದ್ದಾಗ ಸ್ಕ್ಯಾಫಾಯ್ಡ್ ಅಂಗೈ ಕಡೆಗೆ ಬಗ್ಗಲು ನೋಡುತ್ತದೆ. ಟ್ರೈಕ್ವಿಟ್ರಮ್ ಉಲ್ಟಾ, ಹಿಂಗೈ ಕಡೆಗೆ ವಾಲಲು ನೋಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದೇ. ನಡುವೆ ಸಿಕ್ಕಿಕೊಂಡ ಲೂನೇಟ್ ಎರಡೂ ಕಡೆಯ ಲಿಗಮೆಂಟುಗಳ ಬಲದಿಂದ ನೆಟ್ಟಗೆ ನಿಂತಿರುತ್ತದೆ. ಸ್ಕ್ಯಾಫಾಯ್ಡ್ ಮತ್ತು ಲೂನೇಟ್ ನಡುವಿನ ಲಿಗಮೆಂಟ್ ಹರಿದರೆ ಈ ಸಮತೋಲ ತಪ್ಪುತ್ತದೆ. ಸ್ಕ್ಯಾಫಾಯ್ಡ್ ಒಂದು ಕಡೆ ಬಿದ್ದುಕೊಳ್ಳುತ್ತದೆ, ಲೂನೇಟ್ ಟ್ರೈಕ್ವಿಟ್ರಮ್ ಜೊತೆ ಇನ್ನೊಂದು ಕಡೆ ವಾಲುತ್ತದೆ. ಎಕ್ಸ್‌ರೇಯಲ್ಲಿ ಎರಡರ ನಡುವೆ 3 ಮಿಲಿಮೀಟರಿಗಿಂತ ಜಾಸ್ತಿ ಸಂದು ಕಂಡರೆ ಡಾಕ್ಟರಿಗೆ ಅನುಮಾನ ಶುರುವಾಗುತ್ತದೆ. ಮೂಳೆ ಒಂದೂ ಮುರಿದಿರುವುದಿಲ್ಲ, ಆದರೂ ಕೈ ಕೆಟ್ಟಿರುತ್ತದೆ.

ಕಾಲುವೆಯ ಕೊನೆಯ ಗದ್ದೆ

ಬಿದ್ದಾಗ ಕೈ ಊರುವುದು ಯಾರೂ ಯೋಚಿಸಿ ಮಾಡುವ ಕೆಲಸವಲ್ಲ. ದೇಹದ ಭಾರವೆಲ್ಲ ಬಾಗಿದ ಮಣಿಕಟ್ಟಿನ ಮೇಲೆ ಬೀಳುತ್ತದೆ. ವಯಸ್ಸಾದವರಲ್ಲಿ ಆಗ ಜಾಸ್ತಿ ಮುರಿಯುವುದು ಮುಂಗೈಯ ರೇಡಿಯಸ್ ಮೂಳೆಯ ತುದಿ. ಹರೆಯದವರಲ್ಲಿ ಹಲವು ಬಾರಿ ಏಟು ಸ್ಕ್ಯಾಫಾಯ್ಡ್‌ಗೆ. ಆ ಎಂಟು ಮೂಳೆಗಳಲ್ಲಿ ಆಗುವ ಮುರಿತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕ್ಯಾಫಾಯ್ಡ್‌ ಒಂದರಲ್ಲೇ ಆಗುತ್ತವೆ. ಅದು ಎರಡೂ ಸಾಲುಗಳ ನಡುವೆ ಸೇತುವೆಯ ಹಾಗೆ ಅಡ್ಡಲಾಗಿ ಕೂತಿರುವುದೇ ಇದಕ್ಕೆ ಕಾರಣ.

ಮುರಿದರೆ ಕೂಡಿಕೊಳ್ಳುವುದಿಲ್ಲವೇ? ಮೂಳೆ ಕೂಡಬೇಕಾದರೆ ರಕ್ತ ಬೇಕು. ಸ್ಕ್ಯಾಫಾಯ್ಡ್‌ನ ಮೈಯ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗ ಕಾರ್ಟಿಲೆಜ್ ಎಂಬ ನುಣುಪಾದ ಹೊದಿಕೆಯಿಂದ ಮುಚ್ಚಿದೆ. ರಕ್ತನಾಳ ಒಳಹೊಗಲು ಉಳಿದಿರುವ ಜಾಗ ಸ್ವಲ್ಪವೇ. ಹೆಚ್ಚಿನ ನಾಳಗಳು ಬೆರಳಿನ ಕಡೆಯ ಅರ್ಧದಿಂದ ಒಳಗೆ ಹೊಕ್ಕು, ಹಿಂದಕ್ಕೆ ಹರಿದು, ಮುಂಗೈ ಕಡೆಯ ತುದಿಯನ್ನು ಮುಟ್ಟುತ್ತವೆ. ಕಾಲುವೆಯ ಕೊನೆಯ ಗದ್ದೆ ಇದ್ದ ಹಾಗೆ ಆ ತುದಿ. ನಡುವೆ ಕಾಲುವೆ ಒಡೆದರೆ ಮೊದಲು ಒಣಗುವುದು ಅದೇ. ಆ ತುದಿಯ ಹತ್ತಿರ ಮುರಿದಷ್ಟೂ ಮೂಳೆ ಕೂಡುವ ಸಾಧ್ಯತೆ ಕಮ್ಮಿ. ಕೆಲವೊಮ್ಮೆ ಆ ತುಂಡು ರಕ್ತವಿಲ್ಲದೆ ಸತ್ತೇಹೋಗುತ್ತದೆ.

ಲೂನೇಟ್‌ಗೂ ಹೀಗೆ ಆಗುವುದುಂಟು. ಅದಕ್ಕೆ ರಕ್ತ ನಿಂತು, ಮೆಲ್ಲಗೆ ಕುಸಿದು ಚಪ್ಪಟೆಯಾಗುವ ಕಾಯಿಲೆಗೆ ಕೀನ್‌ಬಾಕ್ ಕಾಯಿಲೆ ಎಂದು ಹೆಸರು. ವಿಯೆನ್ನಾದ ರೇಡಿಯಾಲಜಿಸ್ಟ್ ರಾಬರ್ಟ್ ಕೀನ್‌ಬಾಕ್ 1910ರಲ್ಲಿ ಇದನ್ನು ವಿವರಿಸಿದರು. ಎಕ್ಸ್‌ರೇ ಕಂಡುಹಿಡಿದು ಆಗಿನ್ನೂ 15 ವರ್ಷವಾಗಿತ್ತು.

ಇನ್ನು ಮೊದಲ ಎಕ್ಸ್‌ರೇಯ ಸಂಗತಿ. ಸ್ಕ್ಯಾಫಾಯ್ಡ್ ಬಿರುಕು ಕೂದಲೆಳೆಯಷ್ಟಿದ್ದರೆ ಬಿದ್ದ ದಿನ ತೆಗೆದ ಚಿತ್ರದಲ್ಲಿ ಕಾಣದೇ ಹೋಗಬಹುದು. ಅದಕ್ಕೇ ನಶ್ಯದ ಡಬ್ಬಿಯ ಜಾಗ ಒತ್ತಿದಾಗ ನೋವಿದ್ದರೆ, ಎಕ್ಸ್‌ರೇ ಸರಿಯಿದ್ದರೂ, ಕೈಗೆ ಸ್ಪ್ಲಿಂಟ್ ಹಾಕಿ 10ರಿಂದ 14 ದಿನದ ನಂತರ ಮತ್ತೆ ಎಕ್ಸ್‌ರೇ ತೆಗೆಯುವ ರೂಢಿ ಇದೆ. ಆ ಹೊತ್ತಿಗೆ ಬಿರುಕಿನ ಅಂಚು ಕರಗಿ ಗೆರೆ ಎದ್ದು ಕಾಣುತ್ತದೆ. ಎಂಆರ್‌ಐ ಮಾಡಿದರೆ ಕೆಲವೇ ದಿನಗಳಲ್ಲಿ ತಿಳಿಯುತ್ತದೆ. ನನ್ನ ತಮ್ಮನ ವಿಷಯದಲ್ಲಿ ಆ ಕುಳಿಯನ್ನು ಯಾರೂ ಒತ್ತಿ ನೋಡಲಿಲ್ಲ. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ. ಸಮಯಕ್ಕೆ ಸಿಕ್ಕಿಬಿದ್ದ, ಜಾಗ ಬಿಡದ ಬಿರುಕಾದರೆ ಎಂಟು ಹತ್ತು ವಾರದ ಪ್ಲಾಸ್ಟರಿನಲ್ಲೇ ಕೂಡಿಕೊಳ್ಳುವುದು ಸಾಮಾನ್ಯ.

ಪ್ಲಾಸ್ಟರಿನಿಂದ ಆಗದಿದ್ದರೆ ಸ್ಕ್ರೂ. ಆಸ್ಟ್ರೇಲಿಯದ ಟಿಮೋಥಿ ಹರ್ಬರ್ಟ್ ಎಂಬ ಸರ್ಜನ್ ಇದಕ್ಕೆಂದೇ ರೂಪಿಸಿದ ಸ್ಕ್ರೂಗೆ ತಲೆಯೇ ಇಲ್ಲ. ಎರಡೂ ತುದಿಗೆ ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ ಇದೆ, ಆದರೆ ಮರೆಗಳ ನಡುವಿನ ಅಂತರ ಬೇರೆ ಬೇರೆ. ತಿರುಗಿಸಿದಂತೆಲ್ಲ ಒಂದು ತುದಿ ಬೇಗ ಮುಂದೆ ಹೋಗುತ್ತದೆ, ಇನ್ನೊಂದು ನಿಧಾನ. ಹಾಗಾಗಿ ಎರಡು ತುಂಡುಗಳು ಬಿಗಿಯಾಗಿ ಹತ್ತಿರ ಬರುತ್ತವೆ. ತಲೆ ಇಲ್ಲದ್ದರಿಂದ ಇಡೀ ಸ್ಕ್ರೂ ಕಾರ್ಟಿಲೆಜ್ ಕೆಳಗೆ ಹುದುಗಿಹೋಗುತ್ತದೆ. ಮೂಳೆ ಸವೆದಿದ್ದರೆ ಸೊಂಟದಿಂದಲೋ ರೇಡಿಯಸ್‌ನಿಂದಲೋ ಸ್ವಲ್ಪ ಮೂಳೆ ತಂದು ಸಂದಿಗೆ ತುಂಬುತ್ತಾರೆ. ತಮ್ಮನಿಗೆ ಮಾಡಿದ್ದು ಇದನ್ನೇ. ಆ ಪ್ಲಾಸ್ಟಿಕ್ ಅಚ್ಚಿನ ಮೇಲೆ ಅಳೆದು, ಎಷ್ಟು ದಪ್ಪದ ಮೂಳೆ ತುಂಡು ಇಟ್ಟರೆ ಬಗ್ಗಿದ ಬೆನ್ನು ನೆಟ್ಟಗಾಗುತ್ತದೆ ಎಂದು ಸರ್ಜನ್ ಮೊದಲೇ ಲೆಕ್ಕ ಹಾಕಿಟ್ಟಿದ್ದರು.

ಬದಲಿ ಮೂಳೆಯ ಆಸೆ ಹಳೆಯದು

ಇಷ್ಟಾದರೂ ಕೆಲವು ಮೂಳೆಗಳು ಉಳಿಯುವುದಿಲ್ಲ. ಚೂರಾಗಿರುತ್ತವೆ ಅಥವಾ ಸತ್ತು ಕುಸಿದಿರುತ್ತವೆ. ಹಾಗೇ ಬಿಟ್ಟರೆ ವರ್ಷಗಳು ಕಳೆದಂತೆ ಸುತ್ತಲ ಕೀಲುಗಳು ಒಂದೊಂದಾಗಿ ಸವೆಯುತ್ತವೆ. ಆಗ ಸರ್ಜನ್ ಮುಂದಿರುವ ದಾರಿಗಳು ಕಮ್ಮಿ. ಮುಂಗೈ ಕಡೆಯ ಸಾಲಿನ ಮೂರು ಮೂಳೆಗಳನ್ನೇ ತೆಗೆದುಹಾಕಬಹುದು. ಸ್ಕ್ಯಾಫಾಯ್ಡ್ ತೆಗೆದು ನಾಲ್ಕು ಮೂಳೆಗಳನ್ನು ಒಂದಕ್ಕೊಂದು ಬೆಸೆಯಬಹುದು. ಅದೂ ಸಾಲದಿದ್ದರೆ ಇಡೀ ಮಣಿಕಟ್ಟನ್ನೇ ಬೆಸೆದು ಅಲುಗಾಡದ ಹಾಗೆ ಮಾಡಬಹುದು. ಇವು ನೋವು ಕಮ್ಮಿ ಮಾಡುವ, ನಂಬಿಕಸ್ತ ಆಪರೇಷನ್ನುಗಳು. ಆದರೆ ಕೈ ಬಗ್ಗುವುದು ಕಮ್ಮಿಯಾಗುತ್ತದೆ, ಹಿಡಿತದ ಬಲವೂ ಇಳಿಯುತ್ತದೆ. ಇಪ್ಪತ್ತೈದು ವರ್ಷದ ಹುಡುಗನಿಗೆ ಇದನ್ನು ಹೇಳುವುದು ಯಾವ ಡಾಕ್ಟರಿಗೂ ಖುಷಿಯ ಕೆಲಸವಲ್ಲ.

ಅದಕ್ಕೇ ಬದಲಿ ಮೂಳೆಯ ಆಸೆ ಎಂದೋ ಹುಟ್ಟಿತ್ತು. 1945ರಲ್ಲೇ ಅಮೆರಿಕದ ಇಬ್ಬರು ವೈದ್ಯರು ವಿಟಾಲಿಯಂ ಎಂಬ ಮಿಶ್ರಲೋಹದಲ್ಲಿ ಸ್ಕ್ಯಾಫಾಯ್ಡ್‌ನ ಪ್ರತಿರೂಪ ಮಾಡಿ ಕೂರಿಸಿದ ಬಗ್ಗೆ ಬರೆದಿದ್ದರು. ಆಮೇಲೆ ಬಂತು ಸಿಲಿಕೋನ್. ಅಮೆರಿಕದ ಆಲ್ಫ್ರೆಡ್ ಸ್ವಾನ್ಸನ್ ಬೆರಳ ಕೀಲುಗಳಿಗೆ ಸಿಲಿಕೋನ್ ಇಂಪ್ಲಾಂಟ್ ತಂದು ಹೆಸರಾದವರು. ಸ್ಕ್ಯಾಫಾಯ್ಡ್, ಲೂನೇಟ್‌ಗಳಿಗೂ ಸಿಲಿಕೋನ್ ಮೂಳೆ ಬಂತು. ಮೆತ್ತಗಿದೆ, ಅಗ್ಗ, ಕೂರಿಸುವುದು ಸುಲಭ. ಮೊದಮೊದಲು ರೋಗಿಗಳಿಗೆ ಹಾಯೆನಿಸಿತು.

ಆದರೆ ಮಣಿಕಟ್ಟಿನೊಳಗಿನ ಒತ್ತಡ ಮತ್ತು ಉಜ್ಜಾಟವನ್ನು ಸಿಲಿಕೋನ್ ತಾಳಲಿಲ್ಲ. ಅದು ಸವೆದು ಪುಡಿಯಾಯಿತು. ಆ ಪುಡಿಯನ್ನು ದೇಹ ಶತ್ರುವೆಂದು ಕಂಡಿತು. ಕೀಲಿನ ಒಳಪದರ ಊದಿಕೊಂಡಿತು, ಅಕ್ಕಪಕ್ಕದ ಒಳ್ಳೆಯ ಮೂಳೆಗಳಲ್ಲೂ ತೂತುಗಳು ಬಿದ್ದವು. 1980ರ ದಶಕದಲ್ಲಿ ಇಂಥ ವರದಿಗಳು ಹೆಚ್ಚುತ್ತಾ ಹೋದವು. ಮಣಿಕಟ್ಟಿನ ಸಣ್ಣ ಮೂಳೆಗಳಿಗೆ ಸಿಲಿಕೋನ್ ಹಾಕುವುದು ಹೆಚ್ಚೂಕಡಿಮೆ ನಿಂತಿತು. ಇವತ್ತು ಯಾರಾದರೂ ಹೊಸ ಇಂಪ್ಲಾಂಟ್ ಬಗ್ಗೆ ಮಾತಾಡಿದರೆ ಹಿರಿಯ ಸರ್ಜನ್‌ಗಳು "ಹತ್ತು ವರ್ಷ ಆದಮೇಲೆ ಹೇಗಿದೆ?" ಎಂದು ಕೇಳುವುದು ಸುಮ್ನೆ ಅಲ್ಲ. ಸಿಲಿಕೋನ್ ಕೂಡ ಮೊದಲ ಎರಡು ವರ್ಷ ಚೆನ್ನಾಗಿಯೇ ಇತ್ತು.

ಪ್ರಿಂಟರ್ ಎಲ್ಲಿ ಬಂತು

ಈಗ ತ್ರೀಡಿ ಪ್ರಿಂಟಿಂಗ್‌ಗೆ ಬರೋಣ. ಚಕ್ ಹಲ್ ಎಂಬ ಅಮೆರಿಕದ ಎಂಜಿನಿಯರ್‌ಗೆ 1986ರಲ್ಲಿ ಇದರ ಮೊದಲ ಪೇಟೆಂಟುಗಳಲ್ಲೊಂದು ಸಿಕ್ಕಿತು. ಆ ಯಂತ್ರ ಬೆಳಕಿನಿಂದ ದ್ರವವನ್ನು ಪದರ ಪದರವಾಗಿ ಗಟ್ಟಿ ಮಾಡುತ್ತಿತ್ತು. ಲೋಹದ ಪ್ರಿಂಟಿಂಗ್ ಬಂದದ್ದು ಅದರ ನಂತರ.

ಮಣಿಕಟ್ಟಿನ ಚಿಕಿತ್ಸೆಯಲ್ಲಿ ಪ್ರಿಂಟರ್ ಮೂರು ಥರ ಕೆಲಸಕ್ಕೆ ಬರುತ್ತದೆ. ಒಂದು, ನಾನು ಕೈಯಲ್ಲಿ ಹಿಡಿದಂಥ ಅಚ್ಚು. ಎರಡನೆಯದು ಗೈಡ್. ಮೂರನೆಯದು ದೇಹದೊಳಗೇ ಉಳಿಯುವ ಇಂಪ್ಲಾಂಟ್. ಸುದ್ದಿಯಾಗುವುದು ಮೂರನೆಯದು. ದಿನನಿತ್ಯ ಜಾಸ್ತಿ ಜನಕ್ಕೆ ಉಪಯೋಗಕ್ಕೆ ಬರುತ್ತಿರುವುದು ಮೊದಲ ಎರಡು. ಗೈಡ್ ಬಗ್ಗೆ ಸ್ವಲ್ಪ ಹೇಳಲೇಬೇಕು.

ರೇಡಿಯಸ್ ತುದಿ ಮುರಿದು ವಕ್ರವಾಗಿ ಕೂಡಿಕೊಂಡ ಕೈಯನ್ನು ಊಹಿಸಿಕೊಳ್ಳಿ. ಸಾಮಾನ್ಯವಾಗಿ ರೇಡಿಯಸ್‌ನ ಕೀಲಿನ ಮುಖ ಅಂಗೈ ಕಡೆಗೆ ಸುಮಾರು 11 ಡಿಗ್ರಿ ವಾಲಿರುತ್ತದೆ, ಪಕ್ಕಕ್ಕೆ ಸುಮಾರು 22 ಡಿಗ್ರಿ. ವಕ್ರವಾಗಿ ಕೂಡಿದಾಗ ಈ ಲೆಕ್ಕ ತಪ್ಪುತ್ತದೆ. ಕೈ ತಿರುಗಿಸಲು ಆಗುವುದಿಲ್ಲ, ಕಿರುಬೆರಳಿನ ಕಡೆ ನೋವು. ಸರಿ ಮಾಡಬೇಕಾದರೆ ಮೂಳೆಯನ್ನು ಮತ್ತೆ ಕತ್ತರಿಸಿ, ತಿರುಗಿಸಿ, ಪ್ಲೇಟ್ ಹಾಕಬೇಕು. ಎಲ್ಲಿ ಕತ್ತರಿಸುವುದು, ಎಷ್ಟು ತಿರುಗಿಸುವುದು? ಮೊದಲಾದರೆ ಕಣ್ಣಳತೆ ಮತ್ತು ಅನುಭವವೇ ಗತಿ. ಈಗ ಎರಡೂ ಕೈಗಳ ಸ್ಕ್ಯಾನ್ ತೆಗೆದು, ಸರಿಯಿರುವ ಕೈಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಕೆಟ್ಟ ಕೈಯ ಮೇಲೆ ಕಂಪ್ಯೂಟರಿನಲ್ಲಿ ಹೊಂದಿಸಿ ನೋಡುತ್ತಾರೆ. ಎಲ್ಲಿ ಎಷ್ಟು ವ್ಯತ್ಯಾಸ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಆ ಲೆಕ್ಕವನ್ನು ಆಪರೇಷನ್ ಮೇಜಿಗೆ ತರುವುದೇ ಗೈಡ್. ಅದೊಂದು ಪ್ಲಾಸ್ಟಿಕ್ ತುಂಡು. ಅದರ ಒಳಮೈ ಆ ರೋಗಿಯ ಮೂಳೆಯ ಉಬ್ಬುತಗ್ಗಿಗೆ ಸರಿಯಾಗಿ ಕೂರುವ ಹಾಗೆ ಇರುತ್ತದೆ. ಬೀಗಕ್ಕೆ ಕೀಲಿಕೈ ಕೂತ ಹಾಗೆ, ಬೇರೆ ಎಲ್ಲಿಟ್ಟರೂ ಅಲ್ಲಾಡುತ್ತದೆ, ಸರಿಯಾದ ಜಾಗದಲ್ಲಿ ಮಾತ್ರ ಕಚ್ಚಿಕೊಳ್ಳುತ್ತದೆ. ಅದರಲ್ಲಿ ಗರಗಸ ಹೋಗಲು ಸೀಳು, ಡ್ರಿಲ್ ಹೋಗಲು ತೂತುಗಳು. ಸರ್ಜನ್ ಆ ದಾರಿಯಲ್ಲೇ ಕತ್ತರಿಸಿದರೆ ಸಾಕು. ಕೆಲಸ ಮುಗಿದ ಮೇಲೆ ಗೈಡ್ ಆಚೆಗೆ ಬರುತ್ತದೆ, ದೇಹದಲ್ಲಿ ಏನೂ ಉಳಿಯುವುದಿಲ್ಲ. ಇಡೀ ತಂತ್ರಜ್ಞಾನದಲ್ಲಿ ನನಗೆ ಅತಿ ಹೆಚ್ಚು ಭರವಸೆ ಇರುವುದು ಈ ಸಾಧಾರಣ ಪ್ಲಾಸ್ಟಿಕ್ ತುಂಡಿನ ಮೇಲೆ.

ಸ್ಕ್ಯಾನ್‌ನಿಂದ ಟೈಟಾನಿಯಂವರೆಗೆ

ಇಂಪ್ಲಾಂಟ್ ತಯಾರಾಗುವುದೂ ಸ್ಕ್ಯಾನ್‌ನಿಂದಲೇ. ಸಿಟಿ ಸ್ಕ್ಯಾನ್ ಕೈಯನ್ನು ಒಂದು ಮಿಲಿಮೀಟರಿಗಿಂತ ತೆಳುವಾದ ಹೋಳುಗಳಾಗಿ ತೋರಿಸುತ್ತದೆ. ಎಂಜಿನಿಯರ್ ಆ ನೂರಾರು ಚಿತ್ರಗಳಲ್ಲಿ ಸ್ಕ್ಯಾಫಾಯ್ಡ್‌ನ ಅಂಚನ್ನು ಗುರುತಿಸಿ ಬೇರ್ಪಡಿಸುತ್ತಾರೆ. ಸಾಫ್ಟ್‌ವೇರ್ ಎಷ್ಟೇ ಚುರುಕಾಗಿದ್ದರೂ, ಮೂಳೆ ಮೂಳೆಗೆ ತಾಗಿದಂತೆ ಕಾಣುವ ಜಾಗದಲ್ಲಿ ಮನುಷ್ಯರ ಕಣ್ಣೇ ನಿರ್ಧರಿಸಬೇಕು. ಕುಸಿದ ಮೂಳೆಯ ಆಕಾರ ನಕಲು ಮಾಡಿ ಪ್ರಯೋಜನವಿಲ್ಲ. ಹಾಗಾಗಿ ಇಲ್ಲೂ ಇನ್ನೊಂದು ಕೈಯ ಮೂಳೆಯನ್ನು ಕನ್ನಡಿ ಮಾಡಿ ಬಳಸುತ್ತಾರೆ. ನಮ್ಮ ಎಡಗೈ ಬಲಗೈ ಮೂಳೆಗಳು ತುಂಬ ಹೋಲುತ್ತವೆ, ಆದರೆ ಪೂರ್ತಿ ಒಂದೇ ಥರ ಇರುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ಇನ್ನೊಂದು ಸೂಕ್ಷ್ಮ ಇದೆ. ಮಾಮೂಲಿ ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ, ಅದರ ಮೇಲಿನ ಕಾರ್ಟಿಲೆಜ್ ಕಾಣುವುದಿಲ್ಲ. ಅದರ ದಪ್ಪ ಸುಮಾರು ಒಂದು ಮಿಲಿಮೀಟರ್. ಸ್ಕ್ಯಾನ್‌ನಲ್ಲಿ ಕಂಡಷ್ಟೇ ಅಚ್ಚು ಹಾಕಿದರೆ ಹೊಸ ಮೂಳೆ ಸುತ್ತಲೂ ಅಷ್ಟು ಸಣ್ಣದಾಗುತ್ತದೆ. ಆ ಜಾಗದಲ್ಲಿ ಲೊಡಲೊಡ ಆಡುತ್ತದೆ. ದೊಡ್ಡದು ಮಾಡಿದರೆ ಪಕ್ಕದ ಮೂಳೆಯನ್ನು ಒತ್ತಿ ಅದರ ಕಾರ್ಟಿಲೆಜ್ ಸವೆಸುತ್ತದೆ. ಎಷ್ಟು ಹಿಗ್ಗಿಸಬೇಕು, ಎಲ್ಲಿ ಹಿಗ್ಗಿಸಬೇಕು ಅನ್ನುವುದು ಸರ್ಜನ್ ಮತ್ತು ಎಂಜಿನಿಯರ್ ಕೂತು ತೀರ್ಮಾನಿಸುವ ವಿಷಯ. ಕೆಲವರು ಒಂದೇ ಮೂಳೆಯನ್ನು ಎರಡು ಮೂರು ಅಳತೆಯಲ್ಲಿ ಮಾಡಿಸಿಟ್ಟುಕೊಂಡು, ಆಪರೇಷನ್ ವೇಳೆ ಪ್ಲಾಸ್ಟಿಕ್ ಮಾದರಿ ಇಟ್ಟು ನೋಡಿ, ಸರಿಹೊಂದಿದ್ದನ್ನು ಹಾಕುತ್ತಾರೆ.

ಆಕಾರ ನಿರ್ಧಾರವಾದ ಮೇಲೆ ಯಂತ್ರದ ಸರದಿ. ಹೆಚ್ಚಾಗಿ ಬಳಸುವುದು ಟೈಟಾನಿಯಂ ಮಿಶ್ರಲೋಹ. ಶೇಕಡಾ 6ರಷ್ಟು ಅಲ್ಯೂಮಿನಿಯಂ, 4ರಷ್ಟು ವೆನೇಡಿಯಂ, ಉಳಿದದ್ದು ಟೈಟಾನಿಯಂ. ಅದನ್ನು ಹಿಟ್ಟಿಗಿಂತ ನುಣುಪಾದ ಪುಡಿ ಮಾಡಿರುತ್ತಾರೆ. ಗಾಳಿ ಇಲ್ಲದ, ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯಲ್ಲಿ ಆ ಪುಡಿಯನ್ನು ತೆಳುವಾಗಿ ಹರಡುತ್ತಾರೆ. ಲೇಸರ್ ಕಿರಣ ಮೂಳೆಯ ಆ ಹೋಳಿನ ಆಕಾರದಲ್ಲಿ ಓಡಾಡಿ ಪುಡಿಯನ್ನು ಕರಗಿಸುತ್ತದೆ. ಕರಗುವ ಶಾಖ 1600 ಡಿಗ್ರಿಗಿಂತ ಜಾಸ್ತಿ. ಅದು ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಮೇಜು ಸ್ವಲ್ಪ ಕೆಳಗಿಳಿಯುತ್ತದೆ, ಮತ್ತೆ ಪುಡಿ, ಮತ್ತೆ ಲೇಸರ್. ಒಂದು ಪದರ 30 ಮೈಕ್ರಾನ್, ಅಂದರೆ 0.03 ಮಿಲಿಮೀಟರ್ ಅಂದುಕೊಂಡರೆ, ನಮ್ಮ ತಲೆಗೂದಲಿನ ದಪ್ಪದ ಅರ್ಧವೂ ಅಲ್ಲ. 25 ಮಿಲಿಮೀಟರಿನ ಮೂಳೆಯನ್ನು ನಿಲ್ಲಿಸಿ ಅಚ್ಚು ಹಾಕಿದರೆ ಎಂಟುನೂರಕ್ಕೂ ಹೆಚ್ಚು ಪದರಗಳಾಗುತ್ತವೆ.

ಯಂತ್ರದಿಂದ ಬಂದ ಮೂಳೆ ನೋಡಲು ಚೆಂದ ಇರುವುದಿಲ್ಲ. ಮರಳು ಕಾಗದದ ಹಾಗೆ ತರಿತರಿ. ಆಸರೆಗೆ ಕೊಟ್ಟ ಕಂಬಗಳು ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಲೋಹದ ಒಳಗೆ ಉಳಿದ ಬಿಗಿತ ಸಡಿಲಾಗಲು ಒಲೆಯಲ್ಲಿ ಕಾಯಿಸಿ, ಕೆಲವೊಮ್ಮೆ ಭಾರೀ ಒತ್ತಡದಲ್ಲಿ ಒಳಗಿನ ಸಣ್ಣ ಗುಳ್ಳೆಗಳನ್ನು ಮುಚ್ಚುತ್ತಾರೆ. ಆಮೇಲೆ ಉಜ್ಜಿ ಹೊಳಪು ಬರಿಸುವುದು. ಬೇರೆ ಮೂಳೆಯ ಕಾರ್ಟಿಲೆಜ್ ಮೇಲೆ ಜಾರಬೇಕಾದ ಮುಖ ಕನ್ನಡಿಯಷ್ಟು ನುಣುಪಾಗಿರಬೇಕು. ಮೂಳೆ ಬೆಳೆದು ಕಚ್ಚಿಕೊಳ್ಳಬೇಕಾದ ಭಾಗವಿದ್ದರೆ ಅದಕ್ಕೆ ಉಲ್ಟಾ. ಅಲ್ಲಿ ಅರ್ಧ ಮಿಲಿಮೀಟರ್ ಆಸುಪಾಸಿನ ತೂತುಗಳ ಜಾಲರಿ ಬೇಕು. ಆ ತೂತುಗಳೊಳಗೆ ಜೀವಂತ ಮೂಳೆ ಬೇರು ಬಿಡುತ್ತದೆ. ಟೈಟಾನಿಯಂ ಜೊತೆ ಮೂಳೆ ಹೀಗೆ ಒಂದಾಗುತ್ತದೆ ಎಂಬುದನ್ನು ಸ್ವೀಡನ್ನಿನ ಪರ್-ಇಂಗ್ವಾರ್ ಬ್ರಾನೆಮಾರ್ಕ್ ಗಮನಿಸಿದ್ದರು. 1965ರಲ್ಲಿ ಮೊದಲ ಬಾರಿ ರೋಗಿಯೊಬ್ಬರಿಗೆ ಟೈಟಾನಿಯಂ ಹಲ್ಲಿನ ಬೇರು ಕೂರಿಸಿದವರೂ ಅವರೇ. ಒಂದೇ ತುಂಡಿನಲ್ಲಿ ಒಂದು ಕಡೆ ನುಣುಪು, ಇನ್ನೊಂದು ಕಡೆ ಜಾಲರಿ ತರುವುದು ಹಳೆಯ ಎರಕದ ಕೆಲಸದಲ್ಲಿ ಬಹಳ ಕಷ್ಟ. ಪ್ರಿಂಟರಿಗೆ ಅದು ಸಲೀಸು.

ಟೈಟಾನಿಯಂಗೆ ತನ್ನದೇ ತೊಂದರೆಗಳಿವೆ. ನಮ್ಮ ಗಟ್ಟಿ ಮೂಳೆಗಿಂತ ಅದು ಐದಾರು ಪಟ್ಟು ಬಿಗಿ, ಅಂದರೆ ಒತ್ತಡಕ್ಕೆ ಅಷ್ಟು ಕಮ್ಮಿ ಬಾಗುತ್ತದೆ. ಮೆತ್ತನೆಯ ನೆರೆಯವರ ನಡುವೆ ಒಂದು ಗಟ್ಟಿ ಕಲ್ಲು ಕೂರಿಸಿದ ಹಾಗೆ. ಉಜ್ಜಾಟದಲ್ಲೂ ಟೈಟಾನಿಯಂ ಅಷ್ಟೇನೂ ಒಳ್ಳೆಯದಲ್ಲ, ಸವೆದರೆ ಕಪ್ಪು ಪುಡಿ ಬಿಡುತ್ತದೆ. ಅದಕ್ಕೆ ಜಾರುವ ಮುಖಕ್ಕೆ ಬೇರೆ ಲೇಪ ಕೊಡುವ ಪ್ರಯತ್ನಗಳಿವೆ. ಪೈರೋಕಾರ್ಬನ್ ಎಂಬ ಇಂಗಾಲದ ವಸ್ತುವಿನ ಬಿಗಿತ ಮೂಳೆಗೆ ಹತ್ತಿರ, ಮಣಿಕಟ್ಟಿನ ಕೆಲವು ಸಿದ್ಧ ಇಂಪ್ಲಾಂಟುಗಳನ್ನು ಅದರಲ್ಲೇ ಮಾಡುತ್ತಾರೆ. ಪೀಕ್ ಎಂಬ ಪ್ಲಾಸ್ಟಿಕ್ ಕೂಡ ಬಳಕೆಯಲ್ಲಿದೆ.

ಕಟ್ಟುವುದು ಹೇಗೆ

ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಆಕಾರ ನೂರಕ್ಕೆ ನೂರು ಸರಿಯಾದ ಮೂಳೆ ತಂದು ಮಣಿಕಟ್ಟಿನಲ್ಲಿ ಇಟ್ಟಿರಿ ಅನ್ನಿ. ಅದನ್ನು ಹಿಡಿದುಕೊಳ್ಳುವವರು ಯಾರು? ಹಳೆಯ ಮೂಳೆಗೆ ಲಿಗಮೆಂಟುಗಳು ಬೇರುಬಿಟ್ಟಿದ್ದವು. ಅದನ್ನು ತೆಗೆಯುವಾಗ ಅವೆಲ್ಲ ಕತ್ತರಿಸಿ ಹೋದವು. ಹೊಳೆಯುವ ಲೋಹಕ್ಕೆ ಲಿಗಮೆಂಟ್ ತಾನಾಗಿ ಅಂಟುವುದಿಲ್ಲ. ಮೊದಲೇ ಹೇಳಿದ ಹಾಗೆ ಈ ಮೂಳೆಯನ್ನು ಎಳೆದು ಹಿಡಿಯುವ ಟೆಂಡನ್ನೂ ಇಲ್ಲ. ಬರೀ ಇಟ್ಟು ಹೊಲಿದರೆ ಅದು ಬಗ್ಗಿ, ತಿರುಗಿ, ಜಾಗ ಬಿಟ್ಟು ಆಚೆ ಬರಬಹುದು. ಹಳೆಯ ಇಂಪ್ಲಾಂಟುಗಳು ಸೋತದ್ದರಲ್ಲಿ ಇದರ ಪಾಲೂ ಇತ್ತು.

ಇಲ್ಲಿ ಪ್ರಿಂಟರ್ ನಿಜವಾಗಿ ಹೊಸದೊಂದು ದಾರಿ ತೆರೆದಿದೆ. ಮೂಳೆಯ ಆಕಾರದ ಜೊತೆಗೆ ಅದರೊಳಗೆ ಸುರಂಗವನ್ನೂ ಬರೆಯಬಹುದು. ಸರ್ಜನ್ ರೋಗಿಯ ಮುಂಗೈಯಿಂದಲೇ ಟೆಂಡನ್ನಿನ ಒಂದು ಸೀಳನ್ನು ಬಿಡಿಸಿಕೊಳ್ಳುತ್ತಾರೆ. ಅದನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ಲೋಹದ ಮೂಳೆಯ ಸುರಂಗದಲ್ಲಿ ತೂರಿಸಿ, ಆಚೆ ತೆಗೆದು, ಪಕ್ಕದ ಲೂನೇಟ್‌ಗೆ ಬಿಗಿಯುತ್ತಾರೆ. ಸುರಂಗದ ಬಾಯಿ ಎಲ್ಲಿರಬೇಕು, ಒಳಗೆ ಎಷ್ಟು ಬಾಗಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬಾಯಿಯ ಅಂಚು ಚೂಪಾಗಿದ್ದರೆ ಟೆಂಡನ್ ದಿನಾ ಉಜ್ಜಿ ಉಜ್ಜಿ ಹರಿಯುತ್ತದೆ. ಹಾಗಾಗಿ ಅಂಚನ್ನು ಬಾವಿಯ ಕಟ್ಟೆಯ ಹಾಗೆ ದುಂಡಗೆ ಮಾಡುತ್ತಾರೆ. ಮೊದಲು ದಾನಕ್ಕೆ ಬಂದ ದೇಹಗಳ ಕೈಗಳಲ್ಲಿ ಇದನ್ನು ಕೂರಿಸಿ, ಮಣಿಕಟ್ಟನ್ನು ಆಡಿಸಿ ಪರೀಕ್ಷೆ ಮಾಡಿ, ಆಮೇಲೆ ರೋಗಿಗಳ ತನಕ ಬಂದಿದ್ದಾರೆ. ಹೀಗೆ ಹಾಕಿಸಿಕೊಂಡವರ ಸಂಖ್ಯೆ ಇನ್ನೂ ಚಿಕ್ಕದು. ಪ್ರಕಟವಾದವುಗಳಲ್ಲಿ ಹೆಚ್ಚಿನವು ಒಬ್ಬಿಬ್ಬರ, ಕೆಲವು ವರ್ಷಗಳ ಅನುಭವಗಳು.

ಇನ್ನೊಂದು ಗುಂಪು ಬೇರೆಯದೇ ದಿಕ್ಕಿನಲ್ಲಿ ಯೋಚಿಸುತ್ತಿದೆ. ಲಿಗಮೆಂಟ್ ಒಂದೇ ಹರಿದಿದ್ದರೆ ಮೂಳೆ ಬದಲಿಸುವುದೇಕೆ? ಲಿಗಮೆಂಟನ್ನೇ ಬೆಳೆಸೋಣ ಅಂತ. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದ ಸಂಶೋಧಕರು ಈ ಕೆಲಸದಲ್ಲಿದ್ದಾರೆ. ಇಲ್ಲಿ ಅಚ್ಚು ಹಾಕುವುದು ದೇಹದಲ್ಲಿ ನಿಧಾನವಾಗಿ ಕರಗಿಹೋಗುವ ಪಾಲಿಮರಿನಲ್ಲಿ. ಎರಡು ತುದಿಗೆ ಮೂಳೆಯೊಳಗೆ ಕೂರುವ ಎರಡು ಗುಬುಟುಗಳು, ನಡುವೆ ಎಳೆ ಎಳೆಯಾದ ಸೇತುವೆ. ತುದಿಗಳಲ್ಲಿ ಮೂಳೆ ಬೆಳೆಯಬೇಕು, ನಡುವೆ ಲಿಗಮೆಂಟ್ ಬೆಳೆಯಬೇಕು, ಅಷ್ಟು ಹೊತ್ತಿಗೆ ಚಪ್ಪರದಂತಿರುವ ಈ ಅಚ್ಚು ಕರಗಬೇಕು. ಬಳ್ಳಿ ಹಬ್ಬಿ ಗಟ್ಟಿಯಾಗುವ ಮುಂಚೆ ಚಪ್ಪರ ಬಿದ್ದರೆ ಎಲ್ಲ ವ್ಯರ್ಥ. ಈ ಎರಡರ ವೇಗ ಹೊಂದಿಸುವುದೇ ಅವರ ಮುಂದಿರುವ ಸವಾಲು.

ಕೇಳಬೇಕಾದ ಪ್ರಶ್ನೆಗಳು

ನಿಮಗೋ ನಿಮ್ಮವರಿಗೋ ಇಂಥ ಇಂಪ್ಲಾಂಟ್ ಸೂಚಿಸಿದರೆ ಸಂಕೋಚ ಬಿಟ್ಟು ಕೇಳಿ. ನನ್ನ ಮೂಳೆಯನ್ನೇ ಉಳಿಸಿಕೊಳ್ಳುವ ದಾರಿ ಇಲ್ಲವೇ? ರಕ್ತನಾಳ ಸಮೇತ ಮೂಳೆ ತುಂಡು ತಂದು ಕೂರಿಸುವ ವಿಧಾನಗಳೂ ಇವೆ, ಅವು ನನಗೆ ಆಗುತ್ತವೆಯೇ? ಸುತ್ತಲಿನ ಕಾರ್ಟಿಲೆಜ್ ಹೇಗಿದೆ? ಅದು ಆಗಲೇ ಸವೆದಿದ್ದರೆ ಒಂದು ಮೂಳೆ ಬದಲಿಸಿ ನೋವು ಹೋಗುವುದಿಲ್ಲ. ಇದನ್ನು ಹೇಗೆ ಕಟ್ಟುತ್ತೀರಿ? ಮುಂದೆ ಕೆಟ್ಟರೆ ತೆಗೆದು ಬೇರೆ ಆಪರೇಷನ್ ಮಾಡಲು ಜಾಗ ಉಳಿದಿರುತ್ತದೆಯೇ? ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ, ಯಾಕೆಂದರೆ ಇಂಥ ರೋಗಿಗಳಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು.

ಒಬ್ಬರಿಗಾಗಿ ಮಾತ್ರ ಮಾಡಿದ ಸಾಧನವನ್ನು ಸಾವಿರಾರು ಜನರ ಮೇಲೆ ಪರೀಕ್ಷಿಸಿ ನೋಡುವುದು ಸಾಧ್ಯವಿಲ್ಲ. ಅದಕ್ಕೇ ಕಾನೂನು ಇದನ್ನು ಬೇರೆಯಾಗಿಯೇ ನೋಡುತ್ತದೆ. ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಬ್ಬ ರೋಗಿಗಾಗಿ ಮಾಡಿದ ಸಾಧನಕ್ಕೆ ವಿನಾಯಿತಿ ಕೊಡುತ್ತದೆ, ಆದರೆ ಒಂದು ಬಗೆಯದ್ದು ವರ್ಷಕ್ಕೆ ಐದಕ್ಕಿಂತ ಹೆಚ್ಚು ಇರಬಾರದು. ಪ್ರಿಂಟ್ ಮಾಡಿದ ಸಾಧನಗಳಿಗೆ 2017ರಲ್ಲಿ ಅದು ಪ್ರತ್ಯೇಕ ಮಾರ್ಗಸೂಚಿಯನ್ನೂ ತಂದಿತು. ಯುರೋಪಿನ 2017ರ ವೈದ್ಯಕೀಯ ಸಾಧನಗಳ ಕಾನೂನಿನಲ್ಲೂ ಇದಕ್ಕೆ ಬೇರೆ ವ್ಯಾಖ್ಯೆ ಇದೆ. ಸ್ಕ್ಯಾನ್‌ನಿಂದ ಆಪರೇಷನ್‌ವರೆಗೆ ವಾರಗಳು ಹಿಡಿಯುತ್ತವೆ ಎಂಬುದೂ ಗೊತ್ತಿರಲಿ. ಬಿದ್ದ ದಿನವೇ ಹಾಕಿಸಿಕೊಳ್ಳುವ ಚಿಕಿತ್ಸೆ ಇದಲ್ಲ.

ತಮ್ಮನ ಕೈಗೆ ಇಂಪ್ಲಾಂಟ್ ಬೇಕಾಗಲಿಲ್ಲ. ಸ್ಕ್ರೂ, ಸೊಂಟದಿಂದ ತಂದ ಮೂಳೆ, ಮೂರು ತಿಂಗಳ ಕಟ್ಟು. ಸಿಟಿ ಸ್ಕ್ಯಾನ್‌ನಲ್ಲಿ ಬಿರುಕು ಮುಚ್ಚಿದ್ದು ಕಂಡ ಮೇಲೆ ಫಿಸಿಯೋಥೆರಪಿಸ್ಟ್ ಅವನಿಗೆ ಮೊದಲು ಹೇಳಿಕೊಟ್ಟ ಚಲನೆ ಒಂದೇ. ಸುತ್ತಿಗೆಯಿಂದ ಮೊಳೆ ಹೊಡೆಯುವಾಗ ಕೈ ಹೇಗೆ ಓರೆಯಾಗಿ ಹಿಂದಕ್ಕೆ ಏರಿ ಮುಂದಕ್ಕೆ ಇಳಿಯುತ್ತದೋ, ಹಾಗೆ. ಆ ಓರೆ ದಾರಿಯಲ್ಲಿ ಚಲಿಸುವಾಗ ಸ್ಕ್ಯಾಫಾಯ್ಡ್, ಲೂನೇಟ್ ಇರುವ ಸಾಲು ಕಮ್ಮಿ ಅಲುಗಾಡುತ್ತದೆ, ಹೆಚ್ಚಿನ ಕೆಲಸ ಆಚೆ ಸಾಲಿನ ಕೀಲಿನಲ್ಲಿ ನಡೆಯುತ್ತದೆ. ಲಿಗಮೆಂಟ್ ರಿಪೇರಿ ಆದವರಿಗೂ ಹಲವು ಕಡೆ ಇದರಿಂದಲೇ ಶುರು ಮಾಡಿಸುತ್ತಾರೆ. ಮೊದಲ ದಿನ ಅವನು ಖಾಲಿ ಕೈಯಲ್ಲಿ ಹತ್ತು ಸಲ ಮೊಳೆ ಹೊಡೆದ. ನಾನು ಪಕ್ಕದಲ್ಲಿ ಕೂತು ಎಣಿಸಿದೆ. ಆ ಬಿಳಿ ಪ್ಲಾಸ್ಟಿಕ್ ಮೂಳೆ ಈಗ ಅವನ ಮೇಜಿನ ಮೇಲಿದೆ.